ನಾಯಿಗೊಂದು ಉಡುಗೊರೆ



ಹೋದ ಸಂಚಿಕೆಯಲ್ಲಿ ತೆಂಗಿನ ನುಸಿ ರೋಗದ ಬಗ್ಗೆ ಲೇಖನ ಬಂದಿತ್ತು. ಎಲ್ಲರೂ ನಿಂತುಕೊಂಡು ಓದಿದಿರಿ. ಈ ಸಲ ನಾನು ನಾಯಿಗಳಿಗೆ ಉಡುಗೊರೆ ಮಾಡುವುದರ ಬಗ್ಗೆ ಬರೀತೀನಿ ಅಂದಾಗ ನಮ್ಮ ಬೆಂಚಿನವರೇ ನಕ್ಕರು. "ನಾಯಿ ಹುಟ್ಟುಹಬ್ಬ ಯಾವತ್ತು?" ಅಂತ ಕೇಳಿದರು. ನಗಲಿ. ಕೆಂಚಿಯನ್ನು ಮರೆಯದವರಾದರೂ ಪೂರ್ತಿ ಓದುತ್ತಾರೆ ಎಂದು ನಂಬಿ ಬರೆದಿದ್ದೇನೆ. ವಿಷಯ ಉದ್ದವಿದೆ ಅಂತ ಮೇಷ್ಟ್ರು ಎರಡು ಡ್ರಾಯಿಂಗ್ ಶೀಟು ಕೊಟ್ಟಿದ್ದಾರೆ.

ಕೆಂಚಿ ಯಾರು ಅಂತ ಹೊಸದಾಗಿ ಸೇರಿದವರಿಗೆ ಗೊತ್ತಿರಲಿಕ್ಕಿಲ್ಲ. ಬಿಸಿಯೂಟದ ಹೊತ್ತಿಗೆ ಸರಿಯಾಗಿ ಅಡುಗೆ ಕೋಣೆಯ ಹಿಂದೆ ಬಂದು ಕೂರುತ್ತಿದ್ದ ಕೆಂದು ಬಣ್ಣದ ನಾಯಿ ಅದು. ಯಾರ ಮೇಲೂ ಬೊಗಳಿದ್ದಿಲ್ಲ. ಹೋದ ಮಳೆಗಾಲದಲ್ಲಿ ಹಿರಿಯೂರು ರಸ್ತೆಯಲ್ಲಿ ಲಾರಿ ತಗುಲಿ ಅದರ ಹಿಂಗಾಲು ಜಜ್ಜಿಹೋಯಿತು. ಪಶು ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ತೊಳೆದು ಕಟ್ಟು ಹಾಕಿದರು. "ಜೀವ ಉಳಿಯುತ್ತೆ, ಕಾಲು ಉಳಿಯಲ್ಲ. ಆಪರೇಷನ್ ಆದ ಮೇಲೆ ತಿಂಗಳುಗಟ್ಟಲೆ ನೋಡ್ಕೊಳ್ಳೋಕೆ ಒಂದು ಜಾಗ ಬೇಕು" ಅಂದರು. ನಮ್ಮ ಊರಿನಲ್ಲಿ ಅಂಥ ಜಾಗ ಇಲ್ಲ. ನಮ್ಮ ಚಿಕ್ಕಪ್ಪ ಎಳನೀರು ತುಂಬಿಕೊಂಡು ಬೆಂಗಳೂರಿಗೆ ಟೆಂಪೋ ಓಡಿಸುತ್ತಾರೆ. ನಾಲ್ಕಾರು ಕಡೆ ಫೋನ್ ಮಾಡಿ, ಒಂದು ಕಡೆ ಒಪ್ಪಿಕೊಂಡ ಮೇಲೆ, ಕೆಂಚಿಯನ್ನು ಗೋಣಿಚೀಲದ ಮೇಲೆ ಮಲಗಿಸಿಕೊಂಡು ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ಗುಬ್ಬಿ, ತುಮಕೂರು ದಾರಿಯಲ್ಲಿ ಕರೆದುಕೊಂಡು ಹೋದರು. ಈಗ ಕೆಂಚಿ ಮೂರು ಕಾಲಿನಲ್ಲಿ ಬೆಂಗಳೂರಿನ ಹೊರಗಿರುವ ಒಂದು ಪ್ರಾಣಿಗಳ ಆಶ್ರಯಧಾಮದಲ್ಲಿದೆ. ನಾವು ಅದನ್ನು ಕೆಂಚಿಯ ಹಾಸ್ಟೆಲ್ಲು ಅಂತ ಕರೀತೀವಿ.

ಆಶ್ರಯಧಾಮ ಅಂದರೆ ಬೀದಿನಾಯಿಗಳನ್ನೆಲ್ಲ ಹಿಡಿದು ತುಂಬುವ ಜಾಗ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಬೀದಿನಾಯಿಗಳನ್ನು ಹಿಡಿದು, ಮರಿಯಾಗದಂತೆ ಆಪರೇಷನ್ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಕಿವಿಯ ತುದಿಗೆ ಗುರುತಿನ ಕಚ್ಚು ಮಾಡಿ, ಹಿಡಿದ ಜಾಗದಲ್ಲೇ ಬಿಡಬೇಕು ಅಂತ ಕೇಂದ್ರ ಸರ್ಕಾರದ 2023ರ ನಿಯಮ ಹೇಳುತ್ತದೆ. ಅದಕ್ಕೂ ಮೊದಲು 2001ರ ನಿಯಮ ಇತ್ತು. ಹಾಗಾಗಿ ಆಶ್ರಯದಲ್ಲಿ ಉಳಿಯುವುದು ಹೆಚ್ಚಾಗಿ ಬೀದಿಯಲ್ಲಿ ಬದುಕಲಾರದ ನಾಯಿಗಳು. ಕಾಲಿಲ್ಲದವು, ಕಣ್ಣಿಲ್ಲದವು, ಸೊಂಟ ಬಿದ್ದುಹೋದವು, ಮುದಿಯಾಯಿತು ಅಂತ ಸಾಕಿದವರೇ ರಸ್ತೆಗೆ ಬಿಟ್ಟುಹೋದವು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆಗೆದು, ಆಪರೇಷನ್ ಮತ್ತು ಲಸಿಕೆ ಮಾಡಿಸಿ, ಆಶ್ರಯಗಳಲ್ಲಿ ಇಡಬೇಕು ಎಂದು ಆದೇಶ ಕೊಟ್ಟಿತು. ಪೇಪರಿನಲ್ಲಿ ಅದನ್ನು ಓದಿದ ದಿನ ನನಗೆ ಅನಿಸಿದ್ದು, ಕೆಂಚಿಗೆ ಲಾರಿ ತಗುಲದೇ ಇದ್ದಿದ್ದರೂ ಅದು ಅಡುಗೆ ಕೋಣೆಯ ಹಿಂದೆ ಹಾಗೇ ಕೂತಿರುತ್ತಿತ್ತು ಅನ್ನುವಂತಿಲ್ಲ.

ಬೆಂಗಳೂರಿನಲ್ಲಿ ಇಂಥ ಆಶ್ರಯಗಳು ಇತ್ತೀಚಿನವೇನಲ್ಲ. 'ಕ್ಯೂಪಾ' ಎಂಬ ಸಂಸ್ಥೆಯನ್ನು 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲೆಂಡಿನ ಹೆಂಗಸು ಶುರುಮಾಡಿದರು. ಅವರು ಹುಟ್ಟಿದ್ದು 1906ರಲ್ಲಿ. ಅಂದರೆ ಆಗ ಅವರ ವಯಸ್ಸು 85! ನಮ್ಮ ಅಜ್ಜಿಗೆ ಇದನ್ನು ಹೇಳಿದಾಗ "ನನಗಿಂತ ಗಟ್ಟಿಗಿತ್ತಿ" ಅಂದಿತು. 2013ರಲ್ಲಿ ಶುರುವಾದ 'ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್' ಎಂಬುದಕ್ಕೆ ಚಾರ್ಲಿ ಎಂಬ ಮೂರು ಕಾಲಿನ ನಾಯಿಯ ಹೆಸರನ್ನೇ ಇಟ್ಟಿದ್ದಾರೆ. (ಇದು 2022ರಲ್ಲಿ ಬಂದ '777 ಚಾರ್ಲಿ' ಸಿನಿಮಾದ ನಾಯಿ ಅಲ್ಲ. ಅದು ಬೇರೆ, ಇದು ಬೇರೆ.)

ಈಗ ಉಡುಗೊರೆಯ ವಿಷಯಕ್ಕೆ ಬರುತ್ತೇನೆ. ದಸರಾ ರಜೆಯಲ್ಲಿ ಚಿಕ್ಕಪ್ಪ ನನ್ನನ್ನೂ ನಮ್ಮ ತರಗತಿಯ ಇನ್ನೊಬ್ಬಳನ್ನೂ ಕೆಂಚಿಯನ್ನು ನೋಡಲು ಕರೆದುಕೊಂಡು ಹೋಗುತ್ತೇನೆ ಅಂದರು. ಬರಿಗೈಯಲ್ಲಿ ಹೋಗೋದು ಹೇಗೆ? ತೆಂಗಿನ ಸೀಮೆಯವರು ನಾವು, ನಮ್ಮ ಹತ್ತಿರ ಇರುವುದನ್ನೇ ಒಯ್ಯೋಣ ಅಂತ ಯೋಚಿಸಿದೆವು. ಕಾಯಿಮಟ್ಟೆಯ ನಾರು ಬಿಡಿಸಿ, ಹೊಸೆದು, ನಾಯಿ ಕಚ್ಚಿ ಎಳೆದಾಡಲಿ ಅಂತ 12 ಹಗ್ಗದ ತುಂಡು ಮಾಡಿದೆವು. ಅಂಗೈ ಉರಿಯಿತು. ಚೆನ್ನಾಗಿರುವ ತೆಂಗಿನ ಚಿಪ್ಪುಗಳನ್ನು ಆರಿಸಿ, ಗಾಜಿನ ಚೂರಿನಿಂದ ಹೆರೆದು, ಎಣ್ಣೆ ಹಚ್ಚಿ, ನೀರು ಕುಡಿಯುವ ಬಟ್ಟಲು ಮಾಡಿದೆವು. ಅಜ್ಜಿ ಅಟ್ಟದಿಂದ ಇಳಿಸಿದ ಕೊಬ್ಬರಿಯಲ್ಲಿ ಬೂಷ್ಟು ಹಿಡಿದು ಮಾರಲಾಗದ ನಾಲ್ಕು ಗಿಟುಕು ಇದ್ದವು. ನಾಯಿಗೆ ತಾನೆ ಅಂತ ಅದನ್ನೂ ಕಟ್ಟಿಕೊಂಡೆವು. ಜೊತೆಗೆ ಬೇಕರಿಯಲ್ಲಿ ನಮ್ಮ ದುಡ್ಡಿನಲ್ಲಿ ತಗೊಂಡ ಒಂದು ಸಣ್ಣ ಚಾಕೊಲೇಟ್ ಕೇಕು.

ಆಶ್ರಯದಲ್ಲಿ ನಾಯಿಗಳನ್ನು ನೋಡಿಕೊಳ್ಳುವ ಅಕ್ಕ ಒಬ್ಬರು ನಮ್ಮ ಚೀಲ ಬಿಚ್ಚಿ ನೋಡಿದರು. ಬಯ್ಯಲಿಲ್ಲ. ಆದರೆ ನಾವು ತಂದಿದ್ದರಲ್ಲಿ ಒಂದನ್ನೂ ನಾಯಿಗೆ ಕೊಡಲಿಲ್ಲ.

ಮೊದಲು ನಾರಿನ ಹಗ್ಗ ಕೈಗೆ ತಗೊಂಡು, ಉಗುರಿನಿಂದ ಎರಡು ಸಲ ಕೆರೆದರು. ಎಳೆಗಳು ಉದುರಿದವು. "ಇದನ್ನ ನಾಯಿ ಕಚ್ಚಿದ್ರೆ ಎಳೆ ಎಳೆಯಾಗಿ ನುಂಗುತ್ತೆ ಪುಟ್ಟಾ. ಹೊಟ್ಟೇಲಿ ಕರಗಲ್ಲ, ಕರುಳಲ್ಲಿ ಉಂಡೆ ಕಟ್ಕೊಳ್ಳುತ್ತೆ. ಆಮೇಲೆ ಹೊಟ್ಟೆ ಕೊಯ್ದೇ ತೆಗೀಬೇಕು" ಅಂದರು. ಚಿಪ್ಪಿನ ಬಟ್ಟಲು ಹಗುರ, ಮೂಗು ತಾಗಿದರೆ ಮಗುಚಿಕೊಳ್ಳುತ್ತದೆ. ಕಡಿದರೆ ಚೂಪಾದ ಚೂರಾಗಿ ಬಾಯಿ ಸೀಳುತ್ತದೆ. ಬೂಷ್ಟು ಹಿಡಿದ ಕೊಬ್ಬರಿಯಂತೂ ವಿಷ. ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ನಂಜು ಹುಟ್ಟುತ್ತದೆ, ಅದು ನಾಯಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಕಡ್ಲೆಕಾಯಿ, ಜೋಳಕ್ಕೆ ಬೂಷ್ಟು ಬಂದರೂ ಅದೇ ಕಥೆ. ಚೆನ್ನಾಗಿರುವ ಕಾಯಿಚೂರು ಒಂದೆರಡು ತಿಂದರೆ ನಾಯಿಗೆ ಏನೂ ಆಗುವುದಿಲ್ಲ. ಆದರೆ ಕೊಬ್ಬರಿಯಲ್ಲಿ ಜಿಡ್ಡು ಜಾಸ್ತಿ, ಹೆಚ್ಚು ತಿಂದರೆ ಭೇದಿ. ಇನ್ನು ಚಾಕೊಲೇಟು! ಅದರಲ್ಲಿರುವ ಥಿಯೋಬ್ರೊಮಿನ್ ಎಂಬ ಪದಾರ್ಥ ನಮ್ಮ ಮೈಯಲ್ಲಿ ಬೇಗ ಕರಗಿಹೋಗುತ್ತದೆ. ನಾಯಿಯ ಮೈಯಲ್ಲಿ ಬಹಳ ಹೊತ್ತು ಉಳಿದು, ವಾಂತಿ, ನಡುಕ, ಎದೆಬಡಿತ ಹೆಚ್ಚಿ ಸತ್ತೂ ಹೋಗಬಹುದು. ನಮ್ಮ ದುಡ್ಡಿನ ಕೇಕನ್ನು ಅಲ್ಲಿ ಕೆಲಸ ಮಾಡುವವರು ಹಂಚಿಕೊಂಡು ತಿಂದರು. ನಮಗೂ ಒಂದೊಂದು ತುಂಡು ಕೊಟ್ಟರು. ನನಗೆ ಗಂಟಲಲ್ಲಿ ಇಳಿಯಲಿಲ್ಲ.

ನಮ್ಮ ಮುಖ ನೋಡಿ ಆ ಅಕ್ಕ ನಾರಿನ ಹಗ್ಗಗಳನ್ನು ಮಾತ್ರ ಬಿಸಾಡಲಿಲ್ಲ. ಪಕ್ಕದ ಬೆಕ್ಕಿನ ಮನೆಯ ಮರದ ಕಂಬಕ್ಕೆ ಬಿಗಿಯಾಗಿ ಸುತ್ತಿಸಿದರು. ಬೆಕ್ಕುಗಳು ಬಂದು ಅದರ ಮೇಲೆ ಪರಪರ ಉಗುರು ಕೆರೆದವು. ಬಿಗಿಯಾಗಿ ಸುತ್ತಿದ ನಾರನ್ನು ಬೆಕ್ಕು ಹೆಚ್ಚಾಗಿ ಕೆರೆಯುತ್ತದೆ, ಜಗಿಯುವುದು ಕಡಿಮೆಯಂತೆ. ನಾವು ನಾಯಿಗೆ ಅಂತ ಒಯ್ದಿದ್ದು ಬೆಕ್ಕಿಗೆ ಒದಗಿತು.

ಹಾಗಾದರೆ ನಾಯಿಗೆ ಏನು ಬೇಕು ಅಂತ ಕೇಳಿದೆ. ಅದಕ್ಕೆ ಅವರು ಹೇಳಿದ್ದನ್ನೂ, ಆಮೇಲೆ ನಾನು ವಿಜ್ಞಾನ ಮೇಷ್ಟ್ರನ್ನು ಕೇಳಿ ತಿಳಿದುಕೊಂಡಿದ್ದನ್ನೂ ಸೇರಿಸಿ ಬರೆಯುತ್ತೇನೆ. ಆಶ್ರಯದ ನಾಯಿಗೆ ಊಟಕ್ಕೆ ಕೊರತೆಯಿಲ್ಲ. ಹೊತ್ತಿಗೆ ಸರಿಯಾಗಿ ಅನ್ನ, ಮಾಂಸ ಬೇಯಿಸಿ ಹಾಕುತ್ತಾರೆ. ಅದಕ್ಕೆ ಕೊರತೆ ಇರುವುದು ಕೆಲಸ. ಕೆಂಚಿ ನಮ್ಮೂರಿನಲ್ಲಿದ್ದಾಗ ಬೆಳಗ್ಗಿನಿಂದ ಸಂಜೆವರೆಗೂ ಮೂಸುತ್ತಾ ಇರುತ್ತಿತ್ತು. ಸಂತೆ ಮೈದಾನ, ಹೋಟೆಲಿನ ಹಿತ್ತಲು, ತಿಪ್ಪೆ, ಯಾರ ಮನೆ ಮುಂದೆ ಯಾವ ನಾಯಿ ಬಂದು ಹೋಯಿತು ಅನ್ನುವುದು, ಎಲ್ಲ ಅದಕ್ಕೆ ಮೂಗಿನಿಂದಲೇ ಗೊತ್ತು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಸುಮಾರು 50 ಲಕ್ಷ ಇದ್ದರೆ ನಾಯಿಯ ಮೂಗಿನಲ್ಲಿ 20 ಕೋಟಿಗೂ ಹೆಚ್ಚು ಇವೆ. ಅಷ್ಟು ದೊಡ್ಡ ಮೂಗಿಗೆ ಸಿಮೆಂಟಿನ ಕೋಣೆಯಲ್ಲಿ ಮೂಸಲು ಏನಿದೆ? ಫಿನಾಯಿಲು ಒಂದೇ. ಕೆಲಸವಿಲ್ಲದ ನಾಯಿ ಒಂದೇ ಕಡೆ ಸುತ್ತು ಹಾಕುತ್ತದೆ, ಸುಮ್ಮನೆ ಬೊಗಳುತ್ತದೆ, ತನ್ನ ಕಾಲನ್ನೇ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ಕೆಂಚಿಯ ಮುಂಗಾಲಿನ ಕೂದಲು ಹಾಗೇ ಉದುರಿತ್ತು, ನಾನೇ ನೋಡಿದೆ.

ಎರಡನೆಯ ಕೊರತೆ ಮೆತ್ತಗಿನ ಜಾಗ. ನಾಯಿ ಸಿಮೆಂಟಿನ ಮೇಲೆ ತಿಂಗಳುಗಟ್ಟಲೆ ಮಲಗಿದರೆ ಮೊಣಕೈ, ಸೊಂಟದ ಮೂಳೆ ಊರಿ ಊರಿ ಚರ್ಮ ದಡ್ಡುಗಟ್ಟುತ್ತದೆ, ಆಮೇಲೆ ಒಡೆದು ಹುಣ್ಣಾಗುತ್ತದೆ. ಮುದಿನಾಯಿಗೂ ಮೂರು ಕಾಲಿನ ನಾಯಿಗೂ ಇದು ಬೇಗ ಆಗುತ್ತದೆ, ಯಾಕೆಂದರೆ ಅವು ಮಗ್ಗುಲು ಬದಲಾಯಿಸುವುದು ಕಡಿಮೆ.

ಅಂದರೆ ಉಡುಗೊರೆ ಮೂಗಿಗೆ, ಹಲ್ಲಿಗೆ, ಮೈಗೆ ಆಗಬೇಕು. ಕಣ್ಣಿಗೆ ಅಲ್ಲ. ನಾವು ಚಿಪ್ಪಿಗೆ ಎಣ್ಣೆ ಹಚ್ಚಿ ಹೊಳೆಸಿದ್ದು ನಮ್ಮ ಕಣ್ಣಿಗೆ.

ಊರಿಗೆ ಬಂದ ಮೇಲೆ ಮತ್ತೆ ಶುರುಮಾಡಿದೆವು. ಈ ಸಲ ಮೊದಲು ಮಾಡಿದ್ದು ಹಳೇ ಬಟ್ಟೆಯ ಜಡೆ. ಇದು ತುಂಬ ಸುಲಭ. ಹತ್ತಿಯ ಹಳೇ ಸೀರೆ, ಪಂಚೆ ಅಥವಾ ಲುಂಗಿ ಬೇಕು. ನೈಲಾನು, ಪಾಲಿಯೆಸ್ಟರ್ ಬೇಡ. ಸೀರೆಯ ಜರಿ ಅಂಚು, ಗುಂಡಿ, ಹುಕ್ಕು, ಸ್ಟಿಕರ್ ಏನಿದ್ದರೂ ಕತ್ತರಿಸಿ ತೆಗೆಯಬೇಕು. ಬಟ್ಟೆಯನ್ನು ಅಂಗೈಯಗಲ, ಎರಡು ಮೊಳ ಉದ್ದ ಸೀಳಿ. ಕತ್ತರಿಗಿಂತ ಕೈಯಲ್ಲಿ ಹರಿದರೇ ನೇರವಾಗಿ ಬರುತ್ತದೆ. ಹರಿದ ಅಂಚಿನಲ್ಲಿ ನೇತಾಡುವ ದಾರಗಳನ್ನು ಕಿತ್ತುಹಾಕಿ. ಮೂರು ಮೂರು ಪಟ್ಟಿ ಜೋಡಿಸಿ ಮೂರು ಕಾಲು ಮಾಡಿಕೊಂಡು, ತುದಿಯಲ್ಲಿ ಗಂಟು ಹಾಕಿ, ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರು ಜಡೆ ಹೆಣೆಯುವ ಹಾಗೆ ಬಿಗಿಯಾಗಿ ಹೆಣೆಯಬೇಕು. ಕೊನೆಗೆ ಇನ್ನೊಂದು ಗಂಟು. ನಮ್ಮ ತರಗತಿಯ ಹುಡುಗರಿಗೆ ಜಡೆ ಹಾಕೋಕೆ ಬರುವುದಿಲ್ಲ ಅಂದುಕೊಂಡಿದ್ದೆವು, ಆದರೆ ದನದ ಹಗ್ಗ ಹೊಸೆದು ಅಭ್ಯಾಸ ಇದ್ದವರು ನಮಗಿಂತ ಬಿಗಿಯಾಗಿ ಹೆಣೆದರು. ಗಂಟು ನಾಯಿಯ ಬಾಯಿಗಿಂತ ದೊಡ್ಡದಿರಬೇಕು, ಗುಟುಕ್ಕನೆ ನುಂಗುವಂತೆ ಇರಬಾರದು. ಆಡಿದ ಮೇಲೆ ಹಗ್ಗ ಬಿಟ್ಟುಕೊಂಡಿದ್ದರೆ ಆಶ್ರಯದವರು ಎತ್ತಿಟ್ಟು ಬಿಸಾಡುತ್ತಾರೆ. ಹತ್ತಿಯಾದರೂ ನುಂಗಿದರೆ ತೊಂದರೆಯೇ. ಹಾಗಾಗಿ ಈ ಹಗ್ಗವನ್ನು ಯಾರಾದರೂ ಎದುರಿಗೆ ಇದ್ದಾಗ ಮಾತ್ರ ಕೊಡುವುದು.

ಮೂಗಿಗೆ ಒಂದು 'ಮೂಸೋ ಚಾಪೆ' ಮಾಡಿದೆವು. ಈ ಹೆಸರು ನಾನೇ ಇಟ್ಟಿದ್ದು. ಬಾಗಿಲಲ್ಲಿ ಕಾಲೊರೆಸಲು ಹಾಕುವ, ತೂತು ತೂತಾಗಿರುವ ರಬ್ಬರ್ ಮ್ಯಾಟು ಇದೆಯಲ್ಲ, ಹಳೆಯದಾದರೂ ಆಗುತ್ತದೆ, ಚೆನ್ನಾಗಿ ತೊಳೆಯಿರಿ. ಎರಡು ಬೆರಳಗಲ, ಗೇಣುದ್ದದ ಹತ್ತಿ ಬಟ್ಟೆಯ ಪಟ್ಟಿಗಳನ್ನು ಒಂದು ತೂತಿನಲ್ಲಿ ಇಳಿಸಿ ಪಕ್ಕದ ತೂತಿನಲ್ಲಿ ಮೇಲೆ ತಂದು ಎರಡು ಗಂಟು ಹಾಕುವುದು. ಹೀಗೆ ಅಷ್ಟೂ ತೂತುಗಳಿಗೆ ಕಟ್ಟಿದರೆ ಮೇಲೆ ಬಟ್ಟೆಯ ಹುಲ್ಲು ಬೆಳೆದಂತೆ ಕಾಣುತ್ತದೆ. ಒಂದು ಮ್ಯಾಟಿಗೆ ನಮಗೆ ಎರಡು ಸಂಜೆ ಹಿಡಿಯಿತು. ಆ ಬಟ್ಟೆಯ ಸಂದಿಯಲ್ಲಿ ಬಿಸ್ಕತ್ತಿನ ಚೂರು ಉದುರಿಸಿಬಿಟ್ಟರೆ ನಾಯಿ ಒಂದೊಂದನ್ನೇ ಮೂಸಿ ಹುಡುಕಿ ತಿನ್ನುತ್ತದೆ. ಒಂದು ನಿಮಿಷದಲ್ಲಿ ಮುಗಿಯುವ ತಿಂಡಿ ಕಾಲು ಗಂಟೆ ಬರುತ್ತದೆ. ಕುರುಡು ನಾಯಿಗೂ ಇದು ಆಗುತ್ತದೆ, ಯಾಕೆಂದರೆ ಮೂಗಿದ್ದರೆ ಸಾಕು. ಮ್ಯಾಟು ಸಿಗದವರು ಒಂದು ಹಳೇ ಟವೆಲ್ಲಿನ ಮೇಲೆ ಚೂರು ಉದುರಿಸಿ, ಚಾಪೆ ಸುತ್ತಿದಂತೆ ಸುತ್ತಿ, ಸಡಿಲವಾಗಿ ಒಂದು ಗಂಟು ಹಾಕಿದರೂ ನಡೆಯುತ್ತದೆ.

ಹಾಸಿಗೆಗೆ ಗೋಣಿಚೀಲವೇ ಸರಿ. ಆದರೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಬೇಡ, ಔಷಧಿ ಸೋಕಿದ ಚೀಲವಂತೂ ಬೇಡವೇ ಬೇಡ. ನಾವು ಕೊಬ್ಬರಿ ತುಂಬಿದ್ದ ಸಣಬಿನ ಚೀಲಗಳನ್ನು ಕೊಡವಿ, ಬಿಸಿನೀರಲ್ಲಿ ನೆನೆಸಿ, ಒಗೆದು, ಎರಡು ದಿನ ಬಿಸಿಲಿಗೆ ಹಾಕಿದೆವು. ಒಳಗೆ ತುಂಬಲು ಮೊದಲು ರಾಗಿಹುಲ್ಲು ಅಂದುಕೊಂಡಿದ್ದೆವು. ಅಜ್ಜಿ ಬೇಡ ಅಂದಿತು. "ಹುಲ್ಲಲ್ಲಿ ಉಣ್ಣೆ ಸೇರ್ಕೊತವೆ, ಒಂದ್ಸಲ ಉಚ್ಚೆ ಬಿದ್ರೆ ಮುಗೀತು" ಅಂದಿತು. ಅಜ್ಜಿ ಹೇಳಿದ್ದೇ ಸರಿ. ಹಳೇ ಬಟ್ಟೆಗಳನ್ನು ಮಡಿಸಿ ನಾಲ್ಕು ಬೆರಳು ದಪ್ಪ ಜೋಡಿಸಿ, ಕೌದಿ ಹೊಲಿಯುವ ಹಾಗೆ ಅಲ್ಲಲ್ಲಿ ದಬ್ಬಳದಿಂದ ಹೊಲಿಗೆ ಹಾಕಿ, ಅದನ್ನು ಚೀಲದೊಳಗೆ ತೂರಿಸಿದೆವು. ಚೀಲದ ಬಾಯಿ ಹೊಲಿಯಬಾರದು. ಬಟ್ಟೆಯ ಕಸೆ ಇಟ್ಟು ಕಟ್ಟಬೇಕು, ಒಳಗಿನದನ್ನು ತೆಗೆದು ಒಗೆಯಲು ಆಗಬೇಕಲ್ಲ. ಕಂಬಳಿ ಚೂರು ಇದ್ದರೆ ಮೇಲುಗಡೆ ಹಾಕಿ, ಡಿಸೆಂಬರ್ ಚಳಿಗೆ ಒಳ್ಳೆಯದು. ಚೀಲದಲ್ಲಿ ಸಡಿಲವಾದ ಸಣಬಿನ ಎಳೆ ಇದ್ದರೆ ಕತ್ತರಿಸಿಬಿಡಿ, ನಾರಿನ ಕಥೆಯೇ ಇದಕ್ಕೂ. ಮಲಗಿ ಕಾಲು ಚಾಚಿದ ನಾಯಿ ಪೂರ್ತಿ ಹಿಡಿಸುವಷ್ಟು ಅಗಲ ಇರಬೇಕು.

ಬಿಸ್ಕತ್ತಿನ ವಿಷಯ ಬಂದಾಗ ಮನೆಯಲ್ಲಿ ಗಲಾಟೆಯಾಯಿತು. ಅಜ್ಜಿ, "ಮನುಷ್ಯರ ಮಕ್ಕಳಿಗೇ ಬಿಸ್ಕತ್ತು ಹಬ್ಬಕ್ಕೊಂದ್ಸಲ. ನಾಯಿಗೆ ಮಾಡ್ಕೊಡ್ತೀಯಾ?" ಅಂತ ಕೇಳಿತು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಅದೇ, "ನಮ್ಮಪ್ಪ ಮುದ್ದೆ ಮುರಿದ ತಕ್ಷಣ ಮೊದಲ ತುತ್ತು ನಾಯಿಗೆ ಎಸೀತಿದ್ದ. ಮೈಲಾರಲಿಂಗನ ನಾಯಿ ಅಂತಿದ್ದ" ಅಂದಿತು. ಆಮೇಲೆ ರಾಗಿಹಿಟ್ಟಿನ ಡಬ್ಬ ತಾನೇ ತಂದುಕೊಟ್ಟಿತು. ಮೈಲಾರಲಿಂಗನ ಗೊರವಯ್ಯಗಳು ನಾಯಿಯ ಹಾಗೆ ಬೊಗಳುತ್ತಾ ದೋಣಿಯಲ್ಲಿ ಬಾಯಿ ಹಾಕಿ ಹಾಲು ಕುಡಿಯುವುದನ್ನು ನಿಮ್ಮಲ್ಲಿ ಕೆಲವರು ಜಾತ್ರೆಯಲ್ಲಿ ನೋಡಿರಬಹುದು.

ಸಮಾಜ ಮೇಷ್ಟ್ರು ಇದನ್ನು ಕೇಳಿ ಆತಕೂರು ಶಾಸನದ ಕಥೆ ಹೇಳಿದರು. ಸುಮಾರು ಕ್ರಿ.ಶ. 949ರಲ್ಲಿ, ಗಂಗರ ದೊರೆ ಬೂತುಗ ತನ್ನ ಕಡೆಯ ವೀರ ಮಣಲೇರನಿಗೆ "ಏನು ಬೇಕು ಕೇಳು" ಅಂದಾಗ ಅವನು ಊರನ್ನೋ ಹೊನ್ನನ್ನೋ ಕೇಳದೆ 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿದನಂತೆ. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆತಕೂರು ಇರುವುದು ಮಂಡ್ಯ ಜಿಲ್ಲೆಯಲ್ಲಿ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನೇಪಾಳದಲ್ಲಿ ದೀಪಾವಳಿ ಸಮಯದ ತಿಹಾರ್ ಹಬ್ಬದಲ್ಲಿ ಒಂದು ದಿನ ಪೂರ್ತಿ ನಾಯಿಗಳಿಗೇ ಮೀಸಲು. ಹಾರ ಹಾಕಿ, ಹಣೆಗೆ ತಿಲಕ ಇಟ್ಟು, ತಿಂಡಿ ಕೊಡುತ್ತಾರೆ.

ಬಿಸ್ಕತ್ತಿಗೆ ನಾವು ತಗೊಂಡ ಅಳತೆ ಇದು. ರಾಗಿಹಿಟ್ಟು ಎರಡು ಲೋಟ, ಬೇಯಿಸಿ ಹಿಸುಕಿದ ಸಿಹಿಗುಂಬಳ ಒಂದು ಲೋಟ, ಮೊಟ್ಟೆ ಒಂದು, ಹುರಿದ ಕಡ್ಲೆಕಾಯಿ ಬೀಜದ ಪುಡಿ ಎರಡು ಚಮಚ. ಉಪ್ಪಿಲ್ಲ, ಬೆಲ್ಲವಿಲ್ಲ, ಒಗ್ಗರಣೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಸೋಕಿದ ಪಾತ್ರೆಯನ್ನೂ ತೊಳೆದುಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ, ಪಾಯಸದಲ್ಲಿ ಉಳಿದ ದ್ರಾಕ್ಷಿ ನಾಯಿಗೆ ಹಾಕುವವರು ಗಮನಿಸಿ. ರಾಗಿ ಯಾಕೆಂದರೆ 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲೂ ಗೋಧಿಯಲ್ಲೂ ಅಷ್ಟಿಲ್ಲ. ಎಲ್ಲವನ್ನೂ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ನೀರು ಬೇಕಾದರೆ ಮಾತ್ರ ಚಿಮುಕಿಸಿ. ಕಾಲು ಇಂಚು ದಪ್ಪ ತಟ್ಟಿ, ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಚೌಕ ಕತ್ತರಿಸಿ. ಹೆಂಚಿನ ಮೇಲೆ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಬೇಕು. ನಮ್ಮ ಮೊದಲ ಹೆಂಚು ಹೊರಗೆ ಸೀದು ಒಳಗೆ ಹಸಿಯಾಗಿತ್ತು, ಉರಿ ಜಾಸ್ತಿ ಇಟ್ಟಿದ್ದೆವು. ಬೆಂದ ಮೇಲೆ ತೆಳುಬಟ್ಟೆ ಮುಚ್ಚಿ ಒಂದೆರಡು ದಿನ ಚುರುಕು ಬಿಸಿಲಿಗೆ ಇಟ್ಟರೆ ಮುರಿದಾಗ ಟಕ್ ಅನ್ನುತ್ತದೆ. ಟಕ್ ಅನ್ನದೆ ಬಾಗಿದರೆ ಒಳಗೆ ತೇವ ಇದೆ ಅಂತ ಅರ್ಥ, ಎರಡೇ ದಿನಕ್ಕೆ ಬೂಷ್ಟು ಬರುತ್ತದೆ. ಒಣ ಡಬ್ಬದಲ್ಲಿ ಒಂದು ವಾರದೊಳಗೆ ಮುಗಿಸಿ. ನಾನೂ ತಿಂದು ನೋಡಿದೆ. ಸಪ್ಪೆ. ನಾಯಿಗೆ ಸಪ್ಪೆ ಅನ್ನಿಸಲಿಲ್ಲ.

ತಿಂಡಿ ಯಾವತ್ತೂ ದಿನದ ಊಟದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಬಾರದು. ಅದರಲ್ಲೂ ಮೂರು ಕಾಲಿನ ನಾಯಿ ದಪ್ಪಗಾದರೆ ಉಳಿದ ಕಾಲುಗಳ ಮೇಲೆ ಭಾರ ಬೀಳುತ್ತದೆ. ಕೆಲವು ನಾಯಿಗಳಿಗೆ ಡಾಕ್ಟರು ಪಥ್ಯ ಹೇಳಿರುತ್ತಾರೆ. ಅದಕ್ಕೇ ನಾವು ನೇರವಾಗಿ ಯಾವ ನಾಯಿಯ ಬಾಯಿಗೂ ಹಾಕದೆ ಡಬ್ಬವನ್ನು ಅಲ್ಲಿನವರ ಕೈಗೆ ಕೊಡಬೇಕು.

ಇಲ್ಲಿವರೆಗೆ ಬರೆದು ನಮ್ಮ ತರಗತಿಯ ಒಬ್ಬನಿಗೆ ಓದಲು ಕೊಟ್ಟೆ. ಅವನ ತಮ್ಮನಿಗೆ ಹೋದ ವರ್ಷ ನಾಯಿ ಕಚ್ಚಿತ್ತು. ಕೂಲಿ ಬಿಟ್ಟು ಅವರಪ್ಪ ಅಷ್ಟೂ ಸಲ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದರು. ಅವನು ಓದಿ, "ಕಚ್ಚೋ ನಾಯಿಗೆ ಬಿಸ್ಕತ್ತು, ಕಚ್ಚಿಸ್ಕೊಂಡೋನಿಗೆ ಸೂಜಿ" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಕೆಂಚಿ ಯಾರನ್ನೂ ಕಚ್ಚಿಲ್ಲ ಅನ್ನುವುದು ಅವನ ತಮ್ಮನಿಗೆ ಉತ್ತರ ಆಗುವುದಿಲ್ಲ. ನಾಯಿಯ ಮೇಲೆ ಪ್ರೀತಿ ಇದ್ದವರೇ ಈ ಮಾತನ್ನೂ ಬರೆಯಬೇಕು ಅನ್ನಿಸಿತು. ಹಾಗಾಗಿ ಅವನು ಕೇಳಿದ ಹಾಗೆ ಮುಂದಿನ ಭಾಗವನ್ನು ಕೆಂಪು ಇಂಕಿನಲ್ಲಿ ಬರೆದಿದ್ದೇನೆ.

ಬೀದಿನಾಯಿ ಮಲಗಿರುವಾಗ, ತಿನ್ನುವಾಗ, ಮರಿ ಜೊತೆ ಇರುವಾಗ ಹತ್ತಿರ ಹೋಗಬೇಡಿ. ಉಡುಗೊರೆ, ಬಿಸ್ಕತ್ತು ಅಂತ ರಸ್ತೆಯ ನಾಯಿಗೆ ಕೈ ಚಾಚಬೇಡಿ. ಕಚ್ಚಿದರೂ ಸರಿ, ಪರಚಿದರೂ ಸರಿ, ಗಾಯ ಇರುವ ಜಾಗ ನೆಕ್ಕಿದರೂ ಸರಿ, ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಖಾರದಪುಡಿ ಹಚ್ಚಬಾರದು. ಬಟ್ಟೆ ಬಿಗಿದು ಕಟ್ಟಬಾರದು. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಡಾಕ್ಟರು ಬರೆದುಕೊಟ್ಟ ತಾರೀಖುಗಳಲ್ಲಿ ಅಷ್ಟೂ ಚುಚ್ಚುಮದ್ದು ಹಾಕಿಸಬೇಕು. ಎರಡು ಹಾಕಿಸಿ ಬಿಡಬಾರದು. ಹೊಕ್ಕುಳ ಸುತ್ತ 14 ಸೂಜಿ ಅಂತ ಹಿರಿಯರು ಹೆದರಿಸುತ್ತಾರೆ. ಅದು ಹಳೇ ಕಾಲದ್ದು, ಈಗ ತೋಳಿಗೆ ಹಾಕುತ್ತಾರೆ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ಖಚಿತ. ಅದಕ್ಕೆ ಮೊದಲು ಲಸಿಕೆ ಬಿದ್ದರೆ ಬದುಕುತ್ತಾರೆ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಅವರ ಲಸಿಕೆಯಿಂದ ಬದುಕಿದ ಜೋಸೆಫ್ ಮೈಸ್ಟರ್ ನಮ್ಮ ನಾಲ್ಕನೇ ತರಗತಿಯ ಮಕ್ಕಳಷ್ಟೇ ದೊಡ್ಡವನು, 9 ವರ್ಷದವನು. ಅಪ್ಪ ಅಮ್ಮ ಬಯ್ಯುತ್ತಾರೆ ಅಂತ ಕಚ್ಚಿದ್ದನ್ನು ಯಾರೂ ಮುಚ್ಚಿಡಬೇಡಿ.

ಆಶ್ರಯಕ್ಕೆ ಹೋದಾಗಲೂ ಹೀಗೇ. ದೊಡ್ಡವರ ಜೊತೆ ಹೋಗಬೇಕು, ಅಲ್ಲಿನವರು ತೋರಿಸಿದ ನಾಯಿಯ ಹತ್ತಿರ ಮಾತ್ರ ಹೋಗಬೇಕು, ಓಡಬಾರದು, ಕಿರುಚಬಾರದು. ಹೋಗುವ ಮುಂಚೆ ಫೋನ್ ಮಾಡಿ ಏನು ಬೇಕು ಅಂತ ಕೇಳಿದ್ದಿದ್ದರೆ ನಮ್ಮ ಅಂಗೈ ಉರಿಯುವುದು ತಪ್ಪುತ್ತಿತ್ತು.

ಎರಡನೇ ಸಲ ನನಗೆ ಹೋಗಲಾಗಲಿಲ್ಲ, ಪರೀಕ್ಷೆ ಇತ್ತು. ಚಿಕ್ಕಪ್ಪ ಎಳನೀರಿನ ಜೊತೆ 9 ಬಟ್ಟೆ ಜಡೆ, 2 ಮೂಸೋ ಚಾಪೆ, 4 ಹಾಸಿಗೆ, ಒಂದು ಡಬ್ಬ ಬಿಸ್ಕತ್ತು ಒಯ್ದರು. ಈ ಸಲ ಎಲ್ಲವನ್ನೂ ತಗೊಂಡರಂತೆ. ಒಂದು ಹಾಸಿಗೆಯನ್ನು ಮರಿನಾಯಿಗಳು ಒಂದೇ ರಾತ್ರಿಯಲ್ಲಿ ಹರಿದು ಹರವಿದವು, ಮರಿಗಳ ಕೋಣೆಗೆ ಗೋಣಿ ಬೇಡ, ದಪ್ಪ ಜೀನ್ಸ್ ಬಟ್ಟೆಯ ಹೊದಿಕೆ ಬೇಕು ಅಂತ ಹೇಳಿ ಕಳಿಸಿದ್ದಾರೆ. ಚಿಕ್ಕಪ್ಪ ಫೋನಿನಲ್ಲಿ ವಿಡಿಯೋ ತೋರಿಸಿದರು. ಕೆಂಚಿ ಮೂಸೋ ಚಾಪೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ನೇರವಾಗಿ ಗೋಣಿಚೀಲದ ಹತ್ತಿರ ಹೋಗಿ, ಅದರ ನಾಲ್ಕೂ ಮೂಲೆ ಬಹಳ ಹೊತ್ತು ಮೂಸಿತು. ಬಿಸಿನೀರಲ್ಲಿ ಒಗೆದಿದ್ದರೂ ಅದರಲ್ಲಿ ಕೊಬ್ಬರಿಯ ವಾಸನೆ ಇನ್ನೂ ಇದ್ದಿರಬೇಕು. ಆಮೇಲೆ ಮೂರು ಸುತ್ತು ಸುತ್ತಿ, ಒಂದು ಸಲ ತಡವರಿಸಿ, ಮಲಗಿತು.

ಮುಂದಿನ ತಿಂಗಳ ಮೊದಲ ವಾರ ಚಿಕ್ಕಪ್ಪನ ಟೆಂಪೋ ಮತ್ತೆ ಆ ಕಡೆ ಹೋಗುತ್ತದೆ. ಹತ್ತಿ ಸೀರೆ, ಪಂಚೆ, ಟವೆಲ್ಲು, ಹಳೇ ಜೀನ್ಸ್ ಪ್ಯಾಂಟು ಇದ್ದವರು ಒಗೆದು, ಒಣಗಿಸಿ, ಗುಂಡಿ ಜಿಪ್ಪು ತೆಗೆದು ತನ್ನಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹೊಂಗೆ ಮರದ ಕೆಳಗೆ ಜಡೆ ಹೆಣೆಯುತ್ತಿರುತ್ತೇವೆ. ದಬ್ಬಳ ಎರಡೇ ಇವೆ, ಮನೆಯಲ್ಲಿ ಇದ್ದವರು ದಯವಿಟ್ಟು ತರಬೇಕು.